ಹಳೆಯ ಹಿತ್ತಾಳೆ ವಾದ್ಯಕ್ಕೆ ಬಿಡಿಭಾಗ ಎಲ್ಲಿಂದ?

ನೂರು ವರ್ಷ ಹಳೆಯ ಕಾರ್ನೆಟ್ ಒಂದರ ಪಿಸ್ಟನ್ ಕಳೆದುಹೋದರೆ ಅದಕ್ಕೆ ಬದಲಿ ಸಿಗುವುದು ಬಹಳ ಕಷ್ಟ. ಅದೇ ಕಂಪನಿ ಅದೇ ವರ್ಷ ಮಾಡಿದ ಅದೇ ಮಾದರಿಯ ಇನ್ನೊಂದು ಕಾರ್ನೆಟ್ಟನ್ನು ಹುಡುಕಿ ತಂದು, ಅದರ ಪಿಸ್ಟನ್ ತೆಗೆದು ಇದಕ್ಕೆ ಇಳಿಸಿದರೂ ಸಾಮಾನ್ಯವಾಗಿ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಇಲ್ಲವೇ ಸಲೀಸಾಗಿ ಇಳಿದು ಗಾಳಿ ಸೋರುತ್ತದೆ. ವಾದ್ಯ ಹಳೆಯದಾಯಿತು, ಕಂಪನಿ ಮುಚ್ಚಿತು, ಗೋದಾಮು ಖಾಲಿಯಾಯಿತು, ಆದ್ದರಿಂದ ಭಾಗ ಸಿಗುತ್ತಿಲ್ಲ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಈ ವಿವರಣೆಯಲ್ಲಿ ಅರ್ಧ ಮಾತ್ರ ನಿಜವಿದೆ. ಹಿತ್ತಾಳೆ ವಾದ್ಯಗಳ ಚರಿತ್ರೆಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ, ಕಪಾಟಿನಿಂದ ತೆಗೆದು ಹಾಗೆಯೇ ಜೋಡಿಸಬಹುದಾದ ಬಿಡಿಭಾಗವೆಂಬುದು ಆ ಕಾಲದಲ್ಲೂ ಅಪರೂಪವಾಗಿತ್ತು ಎಂದು ತಿಳಿಯುತ್ತದೆ. ಕಾರ್ಖಾನೆಯ ಹೆಸರು ಹೊತ್ತಿದ್ದರೂ ಅಲ್ಲಿ ನಡೆಯುತ್ತಿದ್ದುದು ಕಮ್ಮಟದ ಕೆಲಸ. ಒಂದೊಂದು ವಾದ್ಯವನ್ನೂ ಒಬ್ಬ ಕೆಲಸಗಾರ ಕೈಯಿಂದ ಹೊಂದಿಸಿ ಮುಗಿಸುತ್ತಿದ್ದ. ಹಾಗಾಗಿ ಹಳೆಯ ವಾದ್ಯಗಳನ್ನು ಉಳಿಸಬೇಕೆನ್ನುವವರು ಹುಡುಕಬೇಕಾದದ್ದು ಮೊದಲು ಆ ಕೈಗಳನ್ನು, ಆಮೇಲೆ ಭಾಗಗಳನ್ನು. ಇದು ಈ ಲೇಖನದ ವಾದ.

ಮೊದಲ ಸಾಕ್ಷ್ಯ ವಾಲ್ವಿನಲ್ಲಿಯೇ ಇದೆ. ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೆ ತುತ್ತೂರಿ, ಹಾರ್ನ್‌ಗಳು ತಮ್ಮ ಕೊಳವೆಯ ಉದ್ದಕ್ಕೆ ಸಹಜವಾದ ಕೆಲವು ಸ್ವರಗಳನ್ನಷ್ಟೇ ನುಡಿಯುತ್ತಿದ್ದವು. ಕೊಳವೆಗೆ ರಂಧ್ರ ಕೊರೆದು ಕೀಲಿಗಳನ್ನು ಕೂರಿಸುವ ಪ್ರಯತ್ನಗಳು ನಡೆದವು. ಡಬ್ಲಿನ್ನಿನ ಜೋಸೆಫ್ ಹ್ಯಾಲಿಡೆ 1810ರಲ್ಲಿ ಕೀಲಿ ಬ್ಯೂಗಲ್ಲಿಗೆ ಪೇಟೆಂಟ್ ಪಡೆದ. ಆದರೆ ಗೆದ್ದದ್ದು, ಬೆರಳೊತ್ತಿದಾಗ ಗಾಳಿಯನ್ನು ಉಪಕೊಳವೆಯೊಂದಕ್ಕೆ ತಿರುಗಿಸುವ ವಾಲ್ವ್. ಹೈನ್‌ರಿಷ್ ಸ್ಟೋಲ್ಜೆಲ್ ಮತ್ತು ಫ್ರೀಡ್‌ರಿಷ್ ಬ್ಲೂಮೆಲ್ ಸೇರಿ 1818ರಲ್ಲಿ ಪ್ರಷ್ಯಾದಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಯುರೋಪಿನ ಒಂದೊಂದು ಊರೂ ತನ್ನದೇ ವಾಲ್ವನ್ನು ಹುಟ್ಟಿಸಿತು. ವಿಯೆನ್ನಾದಲ್ಲಿ ಜೋಡಿ ಪಿಸ್ಟನ್ನಿನ ವಾಲ್ವ್ ನೆಲೆಯೂರಿತು, ಬರ್ಲಿನ್ನಿನಲ್ಲಿ ದಪ್ಪನೆಯ ಗಿಡ್ಡ ಪಿಸ್ಟನ್ನು ಬಂತು, ಜೋಸೆಫ್ ರೀಡ್ಲನ ತಿರುಗುವ ವಾಲ್ವ್ 1830ರ ದಶಕದಲ್ಲಿ ಬಂತು. ಪ್ಯಾರಿಸ್ಸಿನ ಫ್ರಾಂಸ್ವಾ ಪೆರಿನೆ 1830ರ ದಶಕದ ಕೊನೆಯಲ್ಲಿ ರೂಪಿಸಿದ ಪಿಸ್ಟನ್ನೇ ಇಂದಿನ ಟ್ರಂಪೆಟ್ಟಿನಲ್ಲಿರುವುದು. ಪೇಟೆಂಟಿನ ಹಕ್ಕು ಒಬ್ಬನದಾದಾಗ ಪಕ್ಕದ ಊರಿನವನು ಬೇರೆ ದಾರಿ ಹುಡುಕಲೇಬೇಕಾಗಿತ್ತು. ವಾದ್ಯ ತಯಾರಕ ಅಡಾಲ್ಫ್ ಸ್ಯಾಕ್ಸ್ ಮತ್ತು ಅವನ ಎದುರಾಳಿಗಳ ನಡುವೆ ಪ್ಯಾರಿಸ್ಸಿನ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ವ್ಯಾಜ್ಯ ನಡೆದದ್ದೂ ಈ ಕಾರಣಕ್ಕೆ. ಈ ವಾಲ್ವುಗಳಲ್ಲಿ ಒಂದರ ಭಾಗ ಇನ್ನೊಂದಕ್ಕೆ ಬರುವ ಮಾತೇ ಇಲ್ಲ. ಬಹುಪಾಲು ಬಗೆಗಳು ಬಳಕೆ ತಪ್ಪಿದವು. ವಿಯೆನ್ನಾದ್ದು ಇನ್ನೂ ಉಳಿದಿದೆ, ಏಕೆಂದರೆ ಆ ಊರಿನ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಹಾರ್ನ್ ವಾದಕರು ಇಂದಿಗೂ ಅದನ್ನೇ ನುಡಿಸುತ್ತಾರೆ, ಅವರಿಗಾಗಿ ಅದನ್ನು ಮಾಡುವವರೂ ಇದ್ದಾರೆ. ಎರಡು ಶತಮಾನದಷ್ಟು ಹಳೆಯ ವಿನ್ಯಾಸಕ್ಕೆ ಇವತ್ತು ಹೊಸ ವಾಲ್ವ್ ಸಿಗುತ್ತದೆ, ಅದಕ್ಕಿಂತ ಎಷ್ಟೋ ಈಚಿನ ವಾದ್ಯಗಳಿಗೆ ಸಿಗುವುದಿಲ್ಲ. ಕಾಲದ ದೂರವೊಂದೇ ಕಾರಣವಾಗಿದ್ದರೆ ಹೀಗಾಗಬಾರದಿತ್ತು.

ಇನ್ನು ಪೆರಿನೆ ಪಿಸ್ಟನ್ನಿನ ಒಳಗೇ ಹೋಗೋಣ. ಪಿಸ್ಟನ್ನಿಗೂ ಅದು ಓಡಾಡುವ ಕವಚಕ್ಕೂ ನಡುವಿನ ಸಂದು ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಪಾಲಿನಷ್ಟು, ಅಂದರೆ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಸಂದು ಇದಕ್ಕಿಂತ ಕಿರಿದಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ, ಅಗಲವಾದರೆ ಸ್ವರ ಬಡಕಲಾಗುತ್ತದೆ. ಈ ಅಳತೆ ಬರುತ್ತಿದ್ದುದು ಯಂತ್ರದಿಂದಲ್ಲ. ಪಿಸ್ಟನ್ನನ್ನು ಕವಚಕ್ಕಿಂತ ಕೂದಲೆಳೆ ದಪ್ಪವಾಗಿ ಮಾಡಿ, ಉಜ್ಜುವ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿ, ಆ ಕವಚದಲ್ಲೇ ಮೇಲೆ ಕೆಳಗೆ ಆಡಿಸುತ್ತ, ತಿರುಗಿಸುತ್ತ, ಎರಡೂ ಒಂದಕ್ಕೊಂದು ಒಗ್ಗುವವರೆಗೆ ತೇಯುತ್ತಿದ್ದರು. ಹೀಗೆ ತೇದ ಪಿಸ್ಟನ್ ಆ ಒಂದು ಕವಚಕ್ಕೆ ಮಾತ್ರ ಸರಿ. ಒಂದೇ ವಾದ್ಯದ ಮೂರು ಪಿಸ್ಟನ್ನುಗಳ ಮೇಲೆ 1, 2, 3 ಎಂದು ಅಂಕೆ ಒತ್ತಿರುವುದು, ಗಾಳಿಯ ದಾರಿ ಒಂದೊಂದರಲ್ಲೂ ಬೇರೆಯಾಗಿರುವುದಕ್ಕೆ. ಅನೇಕ ತಯಾರಕರು ವಾದ್ಯದ ಕ್ರಮಸಂಖ್ಯೆಯನ್ನು ವಾಲ್ವಿನ ಮೇಲೆಯೇ ಕೆತ್ತಿಸುತ್ತಿದ್ದುದು ಅದು ಆ ವಾದ್ಯದ ಹೃದಯಭಾಗವಾದ್ದರಿಂದ. ಅದರ ಮುಚ್ಚಳದ ಸ್ಕ್ರೂ ಸುತ್ತುಗಳದ್ದು ಇನ್ನೊಂದು ಕತೆ. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಬ್ರಿಟನ್ನಿಗೆ ಏಕರೂಪದ ಸ್ಕ್ರೂ ಅಳತೆಗಳನ್ನು ಸೂಚಿಸಿದ್ದ, ರೈಲು ಹಡಗುಗಳವರು ಅದನ್ನು ಒಪ್ಪಿದರು. ವಾದ್ಯದ ತೆಳು ಕವಚಕ್ಕೆ ಬೇಕಾದ ನಯವಾದ ಸುತ್ತಿಗೆ ಆ ಅಳತೆ ಹೊಂದುತ್ತಿರಲಿಲ್ಲ. ಒಂದೊಂದು ಮನೆತನವೂ ತನ್ನ ಅಳತೆ ತಾನೇ ಇಟ್ಟುಕೊಂಡಿತು. ನೋಡಲು ಅವಳಿಯಂತಿರುವ ಎರಡು ಮುಚ್ಚಳಗಳು ಒಂದರ ಕವಚಕ್ಕೆ ಇನ್ನೊಂದು ಕೂರದೆ ಇರುವುದು ಇದರಿಂದಲೇ.

ಹಾಗಾದರೆ ಈ ವಾದ್ಯಗಳು ರಿಪೇರಿಗೆ ಒಲ್ಲದ ವಸ್ತುಗಳೇ? ಸಂಗತಿ ತಿರುಗುಮುರುಗಾಗಿದೆ, ಮತ್ತು ಈ ಕಸುಬಿನಲ್ಲಿ ಬಹಳ ಮೆಚ್ಚತಕ್ಕ ಅಂಶವೂ ಇದೇ. ಹಿತ್ತಾಳೆ ವಾದ್ಯದ ಗಂಟೆಯಾಕಾರದ ಬಾಯಿಯನ್ನು ತಗಡು ಕತ್ತರಿಸಿ, ಅಂಚುಗಳನ್ನು ಗಟ್ಟಿ ಬೆಸುಗೆಯಿಂದ ಕೂಡಿಸಿ, ಉಕ್ಕಿನ ಅಚ್ಚುಗೋಲಿನ ಮೇಲೆ ಸುತ್ತಿಗೆಯಿಂದ ಬಡಿದು, ನಡುನಡುವೆ ಕಾಯಿಸಿ ಮೆತ್ತಗೆ ಮಾಡಿ ಬಿಡಿಸುತ್ತಾರೆ. ಕೊಳವೆಗಳನ್ನು ಬಾಗಿಸುವಾಗ ಸುಕ್ಕು ಬೀಳದಂತೆ ಒಳಗೆ ಕರಗಿಸಿದ ಸೀಸವನ್ನೋ ರಾಳವನ್ನೋ ತುಂಬುತ್ತಿದ್ದರು. ಇವೆಲ್ಲ ಮುಗಿದ ಮೇಲೆ ಭಾಗಗಳನ್ನು ಒಂದಕ್ಕೊಂದು ಸೇರಿಸುವುದು ಮಾತ್ರ ಮೆತು ಬೆಸುಗೆಯಿಂದ. ಸೀಸ ಮತ್ತು ತವರದ ಆ ಮಿಶ್ರಣ ಸುಮಾರು 183 ಡಿಗ್ರಿ ಸೆಲ್ಸಿಯಸ್‌ಗೆ ಕರಗತೊಡಗುತ್ತದೆ. ಹಿತ್ತಾಳೆ ಕರಗಲು 900 ಡಿಗ್ರಿ ದಾಟಬೇಕು. ಆದ್ದರಿಂದ ಸಣ್ಣ ಉರಿಯೊಂದಿಗೆ ಇಡೀ ವಾದ್ಯವನ್ನು ಬಿಚ್ಚಿ, ನೆಗ್ಗು ತೆಗೆದು, ಸವೆದ ಕೊಳವೆಯ ಜಾಗದಲ್ಲಿ ಹೊಸದನ್ನು ಮಾಡಿ ಕೂರಿಸಿ, ಮತ್ತೆ ಜೋಡಿಸಬಹುದು. ಸಡಿಲವಾದ ಪಿಸ್ಟನ್ನಿಗೂ ಉಪಾಯವುಂಟು: ಅದರ ಮೇಲೆ ನಿಕ್ಕಲ್ಲಿನ ಲೇಪ ಕೊಟ್ಟು ದಪ್ಪ ಮಾಡಿ, ಅದರದೇ ಕವಚಕ್ಕೆ ಹೊಸದಾಗಿ ತೇಯುತ್ತಾರೆ. ಮಾಡಿದ ಕ್ರಮದಲ್ಲೇ ಬಿಚ್ಚುವ ದಾರಿಯನ್ನೂ ಇಟ್ಟವರು ಬಿಡಿಭಾಗಗಳ ಗೋದಾಮನ್ನು ನೆಚ್ಚಿರಲಿಲ್ಲ. ಮುಂದೊಂದು ದಿನ ಇದನ್ನು ಕೈಗೆತ್ತಿಕೊಳ್ಳುವ ಇನ್ನೊಬ್ಬ ಕಸುಬುದಾರನನ್ನು ನೆಚ್ಚಿದ್ದರು.

ಇದಕ್ಕೆ ಒಂದು ಗಟ್ಟಿಯಾದ ಆಕ್ಷೇಪವಿದೆ. ಏಕರೂಪದ ತಯಾರಿಕೆ ಹಿತ್ತಾಳೆ ವಾದ್ಯಗಳಲ್ಲಿ ಇರಲೇ ಇಲ್ಲ ಎನ್ನಲಾಗದು. ವಾದ್ಯ ತಯಾರಕ ಗುಸ್ತಾವ್ ಬೆಸ್ಸೋನ್ 1850ರ ದಶಕದಲ್ಲೇ ಉಕ್ಕಿನ ಅಚ್ಚುಗೋಲುಗಳ ಪೂರ್ತಿ ಜೋಡಣೆಯೊಂದನ್ನು ಮಾಡಿಸಿ, ಒಂದೇ ಮೂಲಮಾದರಿಯಿಂದ ಎಷ್ಟು ಬೇಕಾದರೂ ಒಂದೇ ಬಗೆಯ ವಾದ್ಯ ತೆಗೆಯುವ ಕ್ರಮ ತಂದ. ಅಮೆರಿಕದ ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಊರಿನಲ್ಲಿ ಚಾರ್ಲ್ಸ್ ಜೆರಾರ್ಡ್ ಕಾನ್ 1870ರ ದಶಕದಲ್ಲಿ ಆರಂಭಿಸಿದ ಕಾರ್ಖಾನೆ ದೊಡ್ಡ ಪ್ರಮಾಣದ ತಯಾರಿಕೆಗೆ ಹೆಸರಾಯಿತು, ಆ ಊರೇ ಬ್ಯಾಂಡ್ ವಾದ್ಯಗಳ ತವರಾಯಿತು. ಅಮೆರಿಕದ ಇನ್ನೊಬ್ಬ ತಯಾರಕ ವಿನ್ಸೆಂಟ್ ಬಾಕ್‌ನ ಟ್ರಂಪೆಟ್ಟುಗಳಿಗೆ ಇವತ್ತಿಗೂ ಬಾಯಿಕೊಳವೆ, ಗಂಟೆಬಾಯಿ ಬಿಡಿಬಿಡಿಯಾಗಿ ಸಿಗುತ್ತವೆ. ಇವೆಲ್ಲ ನಿಜ. ಆದರೆ ಇಲ್ಲಿ ಏಕರೂಪವಾದದ್ದು ಯಾವುದೆಂದು ನೋಡಬೇಕು. ಅಚ್ಚುಗೋಲಿನಿಂದ ಬರುವ ಕೊಳವೆಯ ಒಳ ಆಕಾರ, ಅದರಿಂದ ಬರುವ ಶ್ರುತಿ ಮತ್ತು ನಾದ ಏಕರೂಪವಾದವು. ವಾಲ್ವಿನ ಜೋಡಿಕೆ ಕೊನೆಗೂ ಕೈಯಲ್ಲೇ ಉಳಿಯಿತು. ಬಾಕ್‌ನ ಭಾಗಗಳು ಸಿಗುವುದಕ್ಕೂ ಕಾರಣ ಹಳೆಯ ದಾಸ್ತಾನಲ್ಲ. ಅವನ ಕಂಪನಿಯನ್ನು 1961ರಲ್ಲಿ ಸೆಲ್ಮರ್ ಕಂಪನಿ ಕೊಂಡು, ಆಮೇಲೆ ನ್ಯೂಯಾರ್ಕಿನ ಮೌಂಟ್ ವೆರ್ನನ್ನಿನಿಂದ ಎಲ್ಕ್‌ಹಾರ್ಟಿಗೆ ಸಾಗಿಸಿದಾಗ ಉಪಕರಣಗಳೂ ಬಂದವು, ಅವುಗಳ ಮೇಲೆ ಕೆಲಸ ನಿಲ್ಲಲಿಲ್ಲ. ಕೆಲಸ ನಿಂತ ಕಡೆ ಹೆಸರು ಉಳಿದರೂ ಭಾಗಗಳು ಉಳಿಯಲಿಲ್ಲ. ಬೂಸಿ ಅಂಡ್ ಹಾಕ್ಸ್ ಕಂಪನಿಯ ಲಂಡನ್ನಿನ ಎಡ್ಜ್‌ವೇರ್ ಕಾರ್ಖಾನೆ 2001ರಲ್ಲಿ ಮುಚ್ಚಿದ ಮೇಲೆ ಅದು ಕೂಡಿಸಿಟ್ಟಿದ್ದ ಹಳೆಯ ವಾದ್ಯಗಳ ಸಂಗ್ರಹ ಹಾರ್ನಿಮನ್ ಮ್ಯೂಸಿಯಂ ಸೇರಿತು. ಅದರ ಕೈಯಲ್ಲಿದ್ದ ಬೆಸ್ಸೋನ್ ಹೆಸರು ಫ್ರಾನ್ಸಿನ ಬ್ಯುಫೆ ಕ್ರಾಂಪೋನ್ ಕಂಪನಿಯ ಕೈಗೆ ಹೋಯಿತು. ಒಂದು ಊರಿನ ಕೆಲಸಗಾರರು ಒಟ್ಟಾಗಿ ಮರುದಿನ ಬೆಳಗ್ಗೆ ಅದೇ ಕೆಲಸಕ್ಕೆ ಬರುವುದು ಮಾತ್ರ ಅಲ್ಲಿಗೆ ಮುಗಿಯಿತು.

ಭಾಗಗಳು ಇಲ್ಲವಾಗುವುದಕ್ಕೆ ಸವೆತಕ್ಕಿಂತ ದೊಡ್ಡ ಕಾರಣ ಮನುಷ್ಯರು ಮಾಡಿದ ತೀರ್ಮಾನಗಳು. ಶ್ರುತಿಯದ್ದೇ ನೋಡಿ. ವಿಕ್ಟೋರಿಯಾ ರಾಣಿಯ ಕಾಲದ ಬ್ರಿಟನ್ನಿನಲ್ಲಿ ವಾದ್ಯವೃಂದಗಳ ಶ್ರುತಿ ಏರುತ್ತ ಏರುತ್ತ ಆಧಾರವಾದ ‘ಎ’ ಸ್ವರಕ್ಕೆ ಸೆಕೆಂಡಿಗೆ 452 ಕಂಪನಗಳ ಆಸುಪಾಸಿಗೆ ಬಂದು ನಿಂತಿತ್ತು. ಲಂಡನ್ನಿನ ಫಿಲ್‌ಹಾರ್ಮೋನಿಕ್ ಸೊಸೈಟಿ 1896ರಲ್ಲಿ ಅದನ್ನು 439ಕ್ಕೆ ಇಳಿಸಿತು, 1939ರ ಅಂತರರಾಷ್ಟ್ರೀಯ ಸಮಾವೇಶ 440ನ್ನು ಒಪ್ಪಿತು. ಗಣಿ, ಗಿರಣಿಗಳ ಕಾರ್ಮಿಕರ ಬ್ಯಾಂಡುಗಳು ಮಾತ್ರ ಹಳೆಯ ಏರುಶ್ರುತಿಯನ್ನು 1960ರ ದಶಕದವರೆಗೂ ಬಿಡಲಿಲ್ಲ, ಏಕೆಂದರೆ ಶ್ರುತಿ ಬದಲಿಸುವುದೆಂದರೆ ಇಡೀ ಬ್ಯಾಂಡಿನ ವಾದ್ಯಗಳನ್ನೇ ಬದಲಿಸಿದ ಹಾಗೆ. ತಯಾರಕರು ಏರುಶ್ರುತಿಯ ವಾದ್ಯ ಮಾಡುವುದನ್ನು ನಿಲ್ಲಿಸಿದಾಗ ಆ ಬ್ಯಾಂಡುಗಳಿಗೆ ಬೇರೆ ದಾರಿ ಉಳಿಯಲಿಲ್ಲ. 452ರಿಂದ 440ಕ್ಕೆ ಇಳಿಯಲು ಕಾರ್ನೆಟ್ಟಿನ ಕೊಳವೆ ಸುಮಾರು ನಾಲ್ಕು ಸೆಂಟಿಮೀಟರ್ ಉದ್ದವಾಗಬೇಕು, ಮೂರು ವಾಲ್ವುಗಳ ಉಪಕೊಳವೆಗಳೂ ಅದೇ ಪ್ರಮಾಣದಲ್ಲಿ ಹಿಗ್ಗಬೇಕು. ಕೆಲವನ್ನು ಕತ್ತರಿಸಿ ತುಂಡು ಸೇರಿಸಿ ಉದ್ದ ಮಾಡಿದರು; ಅನೇಕವು ಮೂಲೆ ಸೇರಿದವು. ಅಮೆರಿಕದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಎಷ್ಟೋ ವಾದ್ಯಗಳ ಜೊತೆ ಏರುಶ್ರುತಿಗೊಂದು, ಇಳಿಶ್ರುತಿಗೊಂದು ಎಂದು ಎರಡು ಜಾರುಕೊಳವೆ ಕೊಡುತ್ತಿದ್ದರು. ಪೆಟ್ಟಿಗೆಯ ಮೂಲೆಯಲ್ಲಿ ಬಿದ್ದಿರುತ್ತಿದ್ದ ಎರಡನೆಯದು ತಲೆಮಾರು ಕಳೆಯುವಷ್ಟರಲ್ಲಿ ಕಾಣೆಯಾಗುತ್ತಿತ್ತು. ಹಳೆಯ ವಾದ್ಯ ಕೊಂಡವರು ಇಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕುವುದು ಈ ಇಳಿಶ್ರುತಿಯ ಕೊಳವೆಯನ್ನು. ಎರಡನೆಯ ಮಹಾಯುದ್ಧದಲ್ಲಿ ಹಿತ್ತಾಳೆ ಗುಂಡಿನ ಕವಚಗಳಿಗೆ ಬೇಕಾದಾಗ ಅಮೆರಿಕ ಸರ್ಕಾರ 1942ರಲ್ಲಿ ವಾದ್ಯ ತಯಾರಿಕೆಯನ್ನೇ ನಿಲ್ಲಿಸಿತು, ಎಲ್ಕ್‌ಹಾರ್ಟಿನ ಕಾರ್ಖಾನೆಗಳು ವಿಮಾನ, ಹಡಗುಗಳ ಉಪಕರಣ ಮಾಡಿದವು.

ನನ್ನ ವಾದಕ್ಕೆ ಎಲ್ಲಕ್ಕಿಂತ ಬಲವಾದ ಸಾಕ್ಷ್ಯ ಗ್ರಾಸ್‌ಲಿಟ್ಸ್ ಎಂಬ ಊರಿನದು. ಬೊಹೀಮಿಯಾದ ಗಡಿಯ ಆ ಊರಿನಲ್ಲಿ ಜರ್ಮನ್ ಮಾತಾಡುವ ಜನ ತಲೆಮಾರುಗಳಿಂದ ಹಿತ್ತಾಳೆ ವಾದ್ಯ ಮಾಡುತ್ತಿದ್ದರು. ಯುದ್ಧ ಮುಗಿದ ಮೇಲೆ ಚೆಕೊಸ್ಲೊವಾಕಿಯಾ ತನ್ನ ನೆಲದ ಜರ್ಮನರನ್ನು ಹೊರಹಾಕಿತು. ಕಮ್ಮಟ, ಯಂತ್ರ, ದಾಸ್ತಾನು ಎಲ್ಲ ಅಲ್ಲೇ ಉಳಿದು ಅಮಾಟಿ ಎಂಬ ಸಂಸ್ಥೆಯಡಿ ಒಂದಾದವು. ಹೊರಟವರು ಕೈಗೆ ಸಿಕ್ಕಿದ್ದಷ್ಟನ್ನೇ ಹಿಡಿದು ಬಂದವರು. ಅವರಲ್ಲಿ ಕೆಲವರು 1946ರಲ್ಲಿ ಬವೇರಿಯಾದ ವಾಲ್ಡ್‌ಕ್ರೈಬುರ್ಗ್‌ನಲ್ಲಿ ಸಹಕಾರಿ ಸಂಘ ಕಟ್ಟಿದರು. ಇಂದು ಜಗತ್ತಿನ ಒಳ್ಳೆಯ ಟ್ಯೂಬಾಗಳಲ್ಲಿ ಒಂದೆನಿಸಿದ ಮಿರಾಫೋನ್ ಅಲ್ಲಿ ಹುಟ್ಟಿತು. ಗೋದಾಮನ್ನು ಕಳೆದುಕೊಂಡವರು ಮತ್ತೆ ಎಲ್ಲವನ್ನೂ ಮಾಡಿಕೊಂಡರು. ಕಸುಬು ಕಳೆದುಹೋದ ಊರಿನಲ್ಲಿ ಗೋದಾಮು ಎಷ್ಟೇ ತುಂಬಿದ್ದರೂ ಅದು ಒಂದೆರಡು ದಶಕಗಳ ಊಟ ಅಷ್ಟೇ.

ಈ ಮಾತು ಭಾರತಕ್ಕೆ ಇನ್ನೂ ಹೆಚ್ಚು ಸಲ್ಲುತ್ತದೆ. ಇಲ್ಲಿನ ಹವೆಯೇ ಹಿತ್ತಾಳೆಗೆ ವೈರಿ. ಬ್ರಿಟಿಷ್ ಸೈನ್ಯ ಭಾರತದಲ್ಲಿ ಕುದುರೆ ಲಾಯಗಳ ಬಳಿ ಇಟ್ಟ ಹಿತ್ತಾಳೆಯ ತೋಟಾಗಳು ಮಳೆಗಾಲದಲ್ಲಿ ತಾವಾಗಿಯೇ ಸೀಳುತ್ತಿದ್ದವು. ತೇವ, ಕುದುರೆ ಮೂತ್ರದಿಂದ ಏಳುವ ಅಮೋನಿಯಾ ಮತ್ತು ಲೋಹದೊಳಗೆ ಉಳಿದ ಎಳೆತ ಮೂರೂ ಸೇರಿ ಹೀಗಾಗುತ್ತದೆಂದು ಇಂಗ್ಲೆಂಡಿನ ಸಂಶೋಧಕರಾದ ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ 1921ರಲ್ಲಿ ವಿವರಿಸಿದರು. ಬಾಗಿಸಿ, ಬಡಿದು, ಎಳೆದು ಮಾಡಿದ ವಾದ್ಯದ ಕೊಳವೆಯೂ ಇದೇ ಲೋಹ, ಇದೇ ಎಳೆತ. ಇದರ ಮೇಲೆ ವಾದಕನ ಉಸಿರಿನ ತೇವ ಸೇರಿ ಒಳಗಿನಿಂದ ಸತುವು ಕರಗಿ ಹೋಗುತ್ತದೆ, ಬಾಯಿಕೊಳವೆಯ ಮೇಲೆ ಕೆಂಪು ಚುಕ್ಕೆ ಏಳುತ್ತದೆ, ಒಂದು ದಿನ ಬೆರಳೊತ್ತಿದರೆ ತೂತಾಗುತ್ತದೆ. ಲಂಡನ್ನಿನಿಂದ ಭಾಗ ಬರುವವರೆಗೆ ಕಾಯುತ್ತ ಕೂತಿದ್ದರೆ ಇಲ್ಲಿನ ಬ್ಯಾಂಡುಗಳು ಎಂದೋ ಮೂಕವಾಗುತ್ತಿದ್ದವು. ಹಾಗಾಗದಿರಲು ದೊಡ್ಡ ಕಾರಣ ಮೀರತ್. ಸೈನ್ಯದ ಬ್ಯಾಂಡಿನಲ್ಲಿದ್ದ ನಾದಿರ್ ಅಲಿ 1885ರಲ್ಲಿ ಅಲ್ಲಿ ವ್ಯಾಪಾರ ಆರಂಭಿಸಿದ್ದು ಹೊರದೇಶದ ವಾದ್ಯಗಳನ್ನು ತರಿಸಿ ಮಾರುವುದರಿಂದ. 1911ರ ಹೊತ್ತಿಗೆ ಅವನ ಸಂಸ್ಥೆ ತಾನೇ ವಾದ್ಯ ಮಾಡತೊಡಗಿತು. ಸ್ವಾತಂತ್ರ್ಯದ ನಂತರ ಆಮದಿಗೆ ಕಡಿವಾಣ ಬಿದ್ದಾಗ ಮೀರತ್ತಿನ ಜಾಲಿ ಕೋಠಿಯ ಗಲ್ಲಿಗಳು ದೇಶದ ಮದುವೆ ಬ್ಯಾಂಡುಗಳನ್ನೆಲ್ಲ ಸಾಕಿದವು. ಅಲ್ಲಿನ ಯೂಫೋನಿಯಂ ಲಂಡನ್ನಿನದಕ್ಕೆ ಸಾಟಿಯೇ ಎಂದು ಕೇಳುವವರುಂಟು. ಶ್ರುತಿಯಲ್ಲಿ, ವಾಲ್ವಿನ ನಯದಲ್ಲಿ ಸಾಟಿಯಲ್ಲ ಎಂದು ಒಪ್ಪಿಕೊಳ್ಳೋಣ. ಆದರೆ ತಗಡು ಕತ್ತರಿಸಿ ಬಾಯಿ ಬಿಡಿಸುವ, ಕೊಳವೆ ಬಾಗಿಸುವ, ಬೆಸೆಯುವ ಕೆಲಸ ಇಂಗ್ಲೆಂಡಿನಲ್ಲಿ ವಿರಳವಾಗುತ್ತ ಬಂದಾಗ ಅದನ್ನು ದಿನದ ಅನ್ನವಾಗಿ ಮಾಡುತ್ತಿದ್ದ ಊರು ಅದು. ಹಳೆಯ ವಾದ್ಯದ ಮುರಿದ ಕೊಳವೆಗೆ ಹೊಸದನ್ನು ಮಾಡಿಕೊಡಲು ಬೇಕಾದದ್ದೂ ಆ ಕೆಲಸವೇ.

ಕರ್ನಾಟಕಕ್ಕೂ ಇದು ಹೊರಗಿನ ವಿಷಯವಲ್ಲ. ಮೈಸೂರು ಅರಮನೆ ತನ್ನ ಕರ್ನಾಟಕ ವಾದ್ಯವೃಂದದ ಜೊತೆಗೇ ಪಾಶ್ಚಾತ್ಯ ಬ್ಯಾಂಡನ್ನೂ ಸಾಕಿತ್ತು, ಜರ್ಮನ್ ಮೂಲದ ಒಟ್ಟೊ ಷ್ಮಿಟ್ ಅದನ್ನು ನಡೆಸಿದ್ದರು. ಆ ಪರಂಪರೆ ಇಂದು ಕರ್ನಾಟಕ ಪೊಲೀಸ್ ಬ್ಯಾಂಡಿನಲ್ಲಿ ಮುಂದುವರಿದಿದೆ, ದಸರೆಯಲ್ಲಿ ಕೇಳುತ್ತೇವೆ. ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತ ಕದ್ರಿ ಗೋಪಾಲನಾಥರು ಅದನ್ನು ಕರ್ನಾಟಕ ಸಂಗೀತದ ವಾದ್ಯವನ್ನಾಗಿ ಮಾಡಿದರು, ಕರಾವಳಿಯಲ್ಲಿ ಅವರ ಹಾದಿ ಹಿಡಿದವರು ಅನೇಕರು. ಸ್ಯಾಕ್ಸೊಫೋನ್ ಮೈ ಹಿತ್ತಾಳೆಯದಾದರೂ ರೀಡಿನಿಂದ ನುಡಿಯುವುದರಿಂದ ಶಾಸ್ತ್ರದ ಪ್ರಕಾರ ಬೇರೆ ಕುಟುಂಬಕ್ಕೆ ಸೇರುತ್ತದೆ. ಆದರೂ ಸಮಸ್ಯೆ ಒಂದೇ. ಅದರ ರಂಧ್ರಗಳನ್ನು ಮುಚ್ಚುವ ಚರ್ಮದ ಪ್ಯಾಡುಗಳು ಕರಾವಳಿಯ ತೇವಕ್ಕೆ ಬೇಗ ಹಾಳಾಗುತ್ತವೆ. ಪ್ಯಾಡು ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಗಾಳಿ ಸೋರದಂತೆ ಸಮವಾಗಿ ಕೂರಿಸುವ ಕೈ ಎಲ್ಲ ಊರಲ್ಲೂ ಸಿಗುವುದಿಲ್ಲ.

ಇಂದಿನ ಕಂಪ್ಯೂಟರ್ ಲೇತುಗಳು, ಮೂರು ಆಯಾಮದ ಸ್ಕ್ಯಾನರುಗಳು ಬಂದ ಮೇಲೆ ಇಷ್ಟೆಲ್ಲ ಚಿಂತೆ ಯಾಕೆ ಎಂದು ಕೇಳಬಹುದು. ಅಳತೆ ತೆಗೆದು ಕಳುಹಿಸಿದರೆ ಮುಚ್ಚಳವೋ ಗುಂಡಿಯೋ ಕೆಲವೇ ದಿನಗಳಲ್ಲಿ ತಯಾರಾಗಬಹುದು, ನಿಜ. ಸ್ಕ್ರೂ ಸುತ್ತಿನ ಹಳೆಯ ಗೊಂದಲಕ್ಕೆ ಇದು ದೊಡ್ಡ ವರ, ಅದನ್ನು ಬಳಸದೆ ಇರುವುದು ಮೊಂಡುತನ. ಆದರೆ ನೂರು ವರ್ಷ ಪಿಸ್ಟನ್ ಓಡಾಡಿದ ಕವಚ ಗುಂಡಗೆ ಉಳಿದಿರುವುದಿಲ್ಲ. ಬೆರಳು ಒತ್ತುವ ದಿಕ್ಕಿಗೆ ಸವೆದು ಮೊಟ್ಟೆಯಾಕಾರಕ್ಕೆ ಬಂದಿರುತ್ತದೆ. ಯಂತ್ರ ಕೊಟ್ಟ ಗುಂಡನೆಯ ಪಿಸ್ಟನ್ನಿಗೆ ಮೊದಲು ಆ ಕವಚವನ್ನು ನೇರ ಮಾಡಬೇಕು, ಆಮೇಲೆ ಎರಡನ್ನೂ ತೇದು ಹೊಂದಿಸಬೇಕು. ಎಲ್ಲಿ ನಿಲ್ಲಿಸಬೇಕೆಂದು ಬೆರಳಿಗೆ ಗೊತ್ತಿರಬೇಕು. ಯಂತ್ರದಿಂದ ಆ ಕೊನೆಯ ಹಂತ ಚಿಕ್ಕದಾಗುತ್ತದೆ, ಇಲ್ಲವಾಗುವುದಿಲ್ಲ.

ಎರಡನೆಯ ಆಕ್ಷೇಪ ಮ್ಯೂಸಿಯಮ್ಮಿನವರದು, ಅದನ್ನು ನಾನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಹಳೆಯ ವಾದ್ಯದ ಸವೆತ, ಹಳೆಯ ರಿಪೇರಿಯ ಗುರುತು, ಬೆಸುಗೆಯ ಬಗೆ ಎಲ್ಲವೂ ಚರಿತ್ರೆಯ ದಾಖಲೆಗಳು. ಹೊಸ ಭಾಗ ಹಾಕಿ ಉಜ್ಜಿ ಹೊಳಪು ಕೊಟ್ಟರೆ ಆ ದಾಖಲೆ ಅಳಿಯುತ್ತದೆ, ನುಡಿಸಿದರೆ ಉಸಿರಿನ ತೇವದಿಂದ ಇನ್ನಷ್ಟು ಅಳಿಯುತ್ತದೆ ಎನ್ನುತ್ತಾರೆ ಅವರು. ಸ್ಟೋಲ್ಜೆಲ್ ವಾಲ್ವಿನ ಆರಂಭದ ವಾದ್ಯವೊಂದು ಸಿಕ್ಕರೆ ಅದನ್ನು ಮುಟ್ಟದೆ ಇಡುವುದೇ ಸರಿ. ಆದರೆ ಬ್ಯಾಂಡುಗಳಿಗೆಂದೇ ಸಾವಿರಗಟ್ಟಲೆ ಮಾಡಿದ ಕಾರ್ನೆಟ್, ಯೂಫೋನಿಯಂ, ಬೇಸ್‌ಗಳು ಅಂಥವಲ್ಲ. ಅವು ತಮ್ಮ ಮೊದಲ ವರ್ಷದಿಂದಲೇ ರಿಪೇರಿಯಾಗುತ್ತ ಬಂದವು. ಒಂದು ಕಾಲದ ರಿಪೇರಿಯನ್ನು ಚರಿತ್ರೆ ಎಂದು ಕರೆದು ಇಂದಿನ ರಿಪೇರಿಯನ್ನು ಹಾನಿ ಎನ್ನುವುದಕ್ಕೆ ಆಧಾರ ಕಾಣುವುದಿಲ್ಲ. ತೆಗೆದ ಹಳೆಯ ಭಾಗವನ್ನು ಚೀಟಿ ಕಟ್ಟಿ ವಾದ್ಯದ ಪೆಟ್ಟಿಗೆಯಲ್ಲೇ ಇಡಬಹುದು, ಹೊಸದರ ಮೇಲೆ ವರ್ಷ ಕೆತ್ತಬಹುದು. ಮೆತು ಬೆಸುಗೆಯನ್ನು ಯಾವಾಗ ಬೇಕಾದರೂ ಬಿಚ್ಚಬಹುದು.

ಶಾಲೆಯ ಉಗ್ರಾಣದಲ್ಲೋ ಚರ್ಚಿನ ಅಟ್ಟದಲ್ಲೋ ಬ್ಯಾಂಡ್‌ಸೆಟ್ಟಿನವರ ಟ್ರಂಕಿನಲ್ಲೋ ಇಂಥ ವಾದ್ಯ ಕಂಡವರು ಅದನ್ನು ತೂಕಕ್ಕೆ ಗುಜರಿಗೆ ಹಾಕಬೇಡಿ. ಸತ್ತಂತೆ ಕಾಣುವ ಒಂದು ವಾದ್ಯದ ಮುಚ್ಚಳ, ಸ್ಪ್ರಿಂಗು, ಜಾರುಕೊಳವೆ, ಬಾಯಿಬುಡ್ಡಿ ಇನ್ನೊಂದನ್ನು ಬದುಕಿಸಬಲ್ಲವು. ಅಚ್ಚುಗೋಲು ಕೈಯಲ್ಲಿರುವವನಿಗೆ ಅದರ ತಗಡೂ ಅಳತೆಯೂ ಬೇಕು. ಬಿಡಿ ತುಂಡುಗಳನ್ನು ಒಂದೇ ಚೀಲದಲ್ಲಿ ಇಡಿ, ಕ್ರಮಸಂಖ್ಯೆ ಅಳಿಯುವ ಹಾಗೆ ಉಜ್ಜಬೇಡಿ, ಆ ಸಂಖ್ಯೆಯನ್ನು ಬರೆದಿಡಿ. ನಿಮ್ಮ ಊರಿನಲ್ಲಿ ಹಿತ್ತಾಳೆ ಬೆಸೆಯುವ, ವಾಲ್ವ್ ತೇಯುವ ಒಬ್ಬರಿದ್ದರೆ ಕೆಲಸ ಅವರಿಗೇ ಕೊಡಿ, ಅವರು ಕೇಳಿದ ಕೂಲಿ ಕೊಡಿ, ಅವರ ಬಳಿ ಕಲಿಯಲು ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕಳುಹಿಸಿ.